ರಾಜ್ಯಗಳು ಕಟ್ಟಳೆಗೆ ತಲೆಬಾಗುವುದೇಕೆ?

ದಂಡಿನಶಿವರದ ಸೀಮೆಯಲ್ಲಿ ಹಿಂದೆ ಕೆರೆಯ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ಅವನ ಕೈಯಲ್ಲಿ ಕತ್ತಿಯಿರಲಿಲ್ಲ, ಬೆನ್ನಿಗೆ ದಂಡಿರಲಿಲ್ಲ. ಆದರೂ ಅವನು ತೂಬು ಮುಚ್ಚಿದರೆ ಮೇಲುಗದ್ದೆಯವನು ಸುಮ್ಮನಾಗುತ್ತಿದ್ದನು. ಇಂದು ಸರದಿ ಮುರಿದವನಿಗೆ ನಾಳೆ ನೆರೆಯವರ ನೆರವಿಲ್ಲವೆಂಬುದು ಅವನಿಗೆ ತಿಳಿದಿತ್ತು. ರಾಷ್ಟ್ರಗಳ ನಡುವಣ ಧರ್ಮವೂ ಬಹುಮಟ್ಟಿಗೆ ಇಂತಹುದೇ.

1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ನರು, ರಿಯೊ ಗ್ರಾಂಡೆ ನದಿಯ ನೀರನ್ನು ಮೆಕ್ಸಿಕೋ ದೇಶಕ್ಕೆ ಬಿಡಬೇಕೆಂಬ ಕಟ್ಟುಪಾಡು ತಮಗಿಲ್ಲವೆಂದು ಅಭಿಪ್ರಾಯವಿತ್ತರು. ಆದರೆ 1906ರಲ್ಲಿ ಅದೇ ಅಮೆರಿಕವು ವರ್ಷಕ್ಕೆ 60,000 ಎಕರೆ-ಅಡಿ ನೀರು ಕೊಡಲು ಒಡಂಬಟ್ಟಿತು. ಆ ನದಿಯ ಕೆಳಭಾಗಕ್ಕೆ ಮೆಕ್ಸಿಕೋದ ಉಪನದಿಗಳೇ ನೀರುಣಿಸುತ್ತವೆ. 1944ರ ಒಪ್ಪಂದದಲ್ಲಿ ಅವುಗಳ ಪಾಲನ್ನು ಅಮೆರಿಕವೇ ಪಡೆಯಿತು. ಬಲಿಷ್ಠನಿಗೂ ನೆರೆಹೊರೆ ಬೇಕು.

ನಮ್ಮ ಕಾವೇರಿಯ ಕಥೆಯೂ ಇದನ್ನೇ ಹೇಳುತ್ತದೆ. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯಗಳನ್ನು ಕಟ್ಟಲಾಗದಂತೆ 1892ರ ಒಪ್ಪಂದವು ಕಟ್ಟುಹಾಕಿತು. ಕೃಷ್ಣರಾಜಸಾಗರದ ವಿವಾದವು 1914ರ ಪಂಚಾಯಿತಿ ತೀರ್ಪಿನಿಂದಲೂ ಮುಗಿಯದೆ, 1924ರ ಫೆಬ್ರವರಿ 18ರಂದು ಇನ್ನೊಂದು ಒಪ್ಪಂದವಾಯಿತು. ಸಮಬಲರ ನಡುವೆ ಆದ ಮಾತು ಇದಲ್ಲವೆಂಬ ಕೊರಗು ಮೈಸೂರಿನಲ್ಲಿ ಉಳಿಯಿತು. ನ್ಯಾಯವೆಂದು ತೋರದ ಕಟ್ಟಳೆಯನ್ನು ಮನಸ್ಸು ಒಪ್ಪುವುದು ಕಷ್ಟ.

1991ರಲ್ಲಿ ನ್ಯಾಯಮಂಡಲಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶವಿತ್ತಾಗ, ಕರ್ನಾಟಕವು ಸುಗ್ರೀವಾಜ್ಞೆಯಿಂದ ಅದನ್ನು ಎದುರಿಸಿತು. ಸುಪ್ರೀಂ ಕೋರ್ಟು ಆ ಆಜ್ಞೆ ಸಿಂಧುವಲ್ಲವೆಂದಿತು. 2016ರ ಸೆಪ್ಟೆಂಬರಿನಲ್ಲಿ, ನೀರು ಕುಡಿಯುವುದಕ್ಕೆ ಮಾತ್ರವೆಂದು ಶಾಸನಸಭೆ ನಿರ್ಣಯಿಸಿತು. ಆದರೆ ಅಕ್ಟೋಬರ್ 3ರಂದು ಇನ್ನೊಂದು ನಿರ್ಣಯದಿಂದ ನೀರು ಬಿಡಲು ದಾರಿಮಾಡಿತು. ಬರದ ವರ್ಷದಲ್ಲಿ ಮನೆಯವರ ಕೋಪವು ನ್ಯಾಯಾಲಯದ ಮಾತಿಗಿಂತ ಹತ್ತಿರದಲ್ಲಿ ಕೇಳಿಸುತ್ತದೆ. ಆದರೆ ಕಟ್ಟಳೆಯನ್ನು ಮುರಿದವನಿಗೆ ಅದೇ ಕಟ್ಟಳೆಯ ಆಸರೆಯೂ ತಪ್ಪುವ ಭಯ ಉಂಟು. 2018ರಲ್ಲಿ ಅದೇ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75 ಟಿ.ಎಂ.ಸಿ. ಹೆಚ್ಚಿಸಿತು. ಯಾವ ರಾಜ್ಯವೂ ಹರಿಯುವ ನದಿಯ ಏಕಸ್ವಾಮಿಯಲ್ಲವೆಂಬ ತತ್ತ್ವವನ್ನೂ ಎತ್ತಿಹಿಡಿಯಿತು.

ಕರ್ನಾಟಕ, ತಮಿಳುನಾಡುಗಳು ಒಂದೇ ಒಕ್ಕೂಟದ ಅಂಗಗಳು, ಮೇಲೆ ನ್ಯಾಯಾಲಯವಿದೆ. ರಾಷ್ಟ್ರಗಳಿಗೆ ಅಂತಹ ಒಡೆಯನಿಲ್ಲ. 1960ರ ಸಿಂಧೂ ಒಪ್ಪಂದವು 1965, 1971ರ ಯುದ್ಧಗಳನ್ನು ದಾಟಿತು. 2025ರಲ್ಲಿ ಭಾರತವು ಅದನ್ನು ತಡೆಹಿಡಿಯಿತು. ನಂಬಿಕೆ ಸಡಿಲಿದಾಗ ಕಾಗದವೊಂದೇ ನಿಲ್ಲಲಾರದು.

ಹೇಮಾವತಿಯ ಕಾಲುವೆಯನ್ನು ನೋಡಿಕೊಂಡಿರುವ ತುರುವೇಕೆರೆ, ತಿಪಟೂರುಗಳ ತೆಂಗಿನ ತೋಟಗಳು ಗೊರೂರಿಗೆ ಕೆಳಗಿನವು, ತಂಜಾವೂರಿಗೆ ಮೇಲಿನವು. ಕೆಳಗಿನವನಾಗಿ ನಾವು ಕೇಳುವ ನ್ಯಾಯವನ್ನೇ ಮೇಲಿನವನಾಗಿ ಕೊಡಬಲ್ಲೆವೆ? ಮಳೆಯಿದ್ದಾಗಲೇ ಕೊರತೆಯನ್ನು ಹಂಚುವ ಬಗೆ ಗೊತ್ತಾದರೆ, ಬರ ಬಂದಾಗ ಕಟ್ಟಳೆ ಮುರಿಯುವ ಪ್ರಸಂಗವೂ ಕಡಮೆಯಾದೀತು.