ಹಣೆಬರಹವೋ, ನಮ್ಮ ಬರಹವೋ?

ಹೊಸೂರು ರಸ್ತೆಯ ಬದಿಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ, 1978ರಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ ಸಿಟಿಯು ಇಂದು ಅಸಂಖ್ಯ ತರುಣ ತರುಣಿಯರ ದುಡಿಮೆಯ ನೆಲೆಯಾಗಿದೆ. ಯಂತ್ರಕ್ಕೆ ಆಜ್ಞೆಯನ್ನು ಬರೆಯುವುದು ಅವರಲ್ಲಿ ಬಹುಮಂದಿಯ ವೃತ್ತಿ. ಆಜ್ಞೆಯಲ್ಲಿ ದೋಷ ಕಂಡರೆ ಯಂತ್ರವನ್ನು ಯಾರೂ ದೂರುವುದಿಲ್ಲ. ಬರೆದವನೇ ಉತ್ತರ ಹೇಳತಕ್ಕದ್ದು. ಆದರೆ ಇವರ ಮನೆಗಳಲ್ಲಿ ಮದುವೆಯ ಮಾತೆದ್ದೊಡನೆ ಅದೇ ಯಂತ್ರವು 36 ಗುಣಗಳಲ್ಲಿ ಎಷ್ಟು ಕೂಡಿದುವೆಂದು ಎಣಿಸಿ ಕೊಡುತ್ತದೆ. ಒಲಿದವರು ಅಗಲಿದರೆ ಹಿರಿಯರು 'ಹಣೆಬರಹ'ವೆಂದು ನಿಟ್ಟುಸಿರು ಬಿಡುತ್ತಾರೆ. ಅದನ್ನು ಬರೆದವರು ಯಾರೆಂದು ಕೇಳುವವರಿಲ್ಲ.

ನಮ್ಮ ಜನ್ನ ಕವಿಯು ಇದನ್ನು 1209ರಷ್ಟು ಹಿಂದೆಯೇ ಕೇಳಿದನು. ಆತನ 'ಯಶೋಧರ ಚರಿತೆ'ಯ ಕಥೆಯನ್ನು ವಾಚಕರು ಬಲ್ಲರು. ಉಜ್ಜಯಿನಿಯ ರಾಣಿ ಅಮೃತಮತಿಯು ಇರುಳು ಕೇಳಿಬಂದ ಗಾನಕ್ಕೆ ಮನಸೋಲುತ್ತಾಳೆ. ಹಾಡಿದವನು ಕುರೂಪಿಯಾದ ಮಾವತ ಅಷ್ಟಾವಂಕನೆಂದು ತಿಳಿದ ಮೇಲೂ ಆ ಮನಸ್ಸು ಹಿಂದಿರುಗದು. ಇದನ್ನು ಕಣ್ಣಾರೆ ಕಂಡ ಪತಿ ಯಶೋಧರನು ಹಿರಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆದರೆ ತಾಯಿಯ ಮುಂದೆ ನಿಜವನ್ನು ಮರೆಸಿ ಕೆಟ್ಟ ಕನಸೆಂದು ಹೇಳುತ್ತಾನೆ. ಆಕೆಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕಡೆಗೆ ರಾಣಿಯು ಪತಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ.

ಮನ್ಮಥನ ಮಾಯೆಗೆ ವಿಧಿಯ ನೆರವೂ ಕೂಡಿದರೆ ಮನುಷ್ಯರ ಪಾಡೇನೆಂದು ಕವಿಯು ಉದ್ಗರಿಸುವುದುಂಟು. ಇಷ್ಟನ್ನೇ ಹಿಡಿದು ಕೆಲವರು, ಪಾತ್ರಗಳೆಲ್ಲ ವಿಧಿಯ ಕೈಗೊಂಬೆಗಳೆಂದು ತೀರ್ಮಾನಿಸುವರು. ನಾವು ಇದನ್ನು ಒಪ್ಪಲಾರೆವು. ಹಾಡು ಕಿವಿಗೆ ಬಿದ್ದುದು ವಿಧಿಯಿರಬಹುದು. ಮನಸ್ಸು ಅಲುಗಿದುದೂ ಆಕೆಯ ವಶದಲ್ಲಿರಲಿಲ್ಲವೆನ್ನೋಣ. ಆದರೆ ವಿಷವನ್ನು ಬೆರೆಸಿದುದು ಆಕೆಯ ಕೈ. ಪತ್ನಿಯ ಒಲವು ಅರಸನ ಅಧೀನವಲ್ಲ. ಸುಳ್ಳು ಕನಸನ್ನು ಕಟ್ಟಿದುದು ಆತನದೇ ನಾಲಗೆ. ಹಿರಿದ ಕತ್ತಿಯನ್ನು ತಡೆಯಬಲ್ಲವನು ಬೀಸಿದ ಕತ್ತಿಯನ್ನೂ ತಡೆಯಬಲ್ಲವನಾಗಿದ್ದನು.

ಜೈನ ಕವಿಯಾದ ಜನ್ನನಿಗೆ ಕರ್ಮವೆಂಬುದು ಯಾರೋ ಹೊರಿಸಿದ ಶಾಸನವಲ್ಲ. ತಾನೇ ಬಿತ್ತಿದುದರ ಬೆಳೆ. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾದುದರಿಂದಲೇ ಫಲವೂ ನಿಜವಾಯಿತು. ನಿನ್ನೆಯ ಸಂಕಲ್ಪವೇ ಇಂದಿನ ವಿಧಿಯೆಂಬುದು ಈ ಕಾವ್ಯದ ತಿರುಳೆಂದು ನಾವು ತಿಳಿಯುತ್ತೇವೆ. ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ಟರ ಕಥೆಯಲ್ಲಿಯೂ ಹಾಗೆಯೇ. ಪತ್ರವೊಂದು ಸಕಾಲಕ್ಕೆ ತಲಪದೆಹೋದುದು ದೈವಯೋಗ. ಎರಡು ಮನೆತನಗಳು ಸಾಕಿದ ಹಗೆ ಮಾತ್ರ ದೈವದ್ದಲ್ಲ.

ಇದು ಕೇವಲ ಕಾವ್ಯಚರ್ಚೆಯಲ್ಲ. ಅನ್ಯಜಾತಿಯವನನ್ನು ವರಿಸಿದ ಮಗಳನ್ನು ಹೆತ್ತವರೇ ಕೊಂದ ಸುದ್ದಿಯನ್ನು ನಮ್ಮ ಕಾಲದಲ್ಲಿಯೂ ಓದಬೇಕಾಗಿದೆ. ಆಗಲೂ ನೆರೆಯವರ ಬಾಯಲ್ಲಿ 'ವಿಧಿ'ಯ ಮಾತೇ. ಪ್ರಾಪ್ತವಯಸ್ಕರಿಬ್ಬರು ಮನಃಪೂರ್ವಕವಾಗಿ ಮದುವೆಯಾಗುವುದಕ್ಕೆ ಮನೆತನದ ಅಥವಾ ಸಮುದಾಯದ ಅಪ್ಪಣೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಶಕ್ತಿ ವಾಹಿನಿ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಕಾನೂನು ವಿಧಿಯನ್ನು ಕಟಕಟೆಗೆ ಕರೆಯುವುದಿಲ್ಲ, ಕೃತ್ಯವೆಸಗಿದವನನ್ನೇ ಕರೆಯುತ್ತದೆ.

ಒಲವು ಎಲ್ಲಿ ಮೊಳೆಯುವುದೆಂಬುದು ಯಾರ ಕೈಯಲ್ಲಿಯೂ ಇಲ್ಲ. ಮೊಳೆತ ಮೇಲೆ ಮಗಳ ಮಾತನ್ನು ಕೂತು ಕೇಳುವುದೋ, ಬಾಗಿಲಿಗೆ ಅಗುಳಿ ಹಾಕುವುದೋ, ಒಲಿದವರು ನಿಜವನ್ನು ನುಡಿಯುವುದೋ, ಮರೆಸುವುದೋ—ಇವೆಲ್ಲ ನಮ್ಮ ಕೈಯಲ್ಲಿವೆ. ದುಃಖದ ವೇಳೆಯಲ್ಲಿ ವಿಧಿಯ ಹೆಸರನ್ನು ಸಮಾಧಾನಕ್ಕಾಗಿ ಹೇಳುವವರನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಹೆಸರನ್ನು ಹೇಳುವ ಮೊದಲು, ನಮ್ಮ ಪಾಲಿನದು ಇದರಲ್ಲಿ ಎಷ್ಟೆಂದು ಲೆಕ್ಕ ನೋಡಿಕೊಳ್ಳುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವಾಗಿದೆ.