ಬಳ್ಳಾರಿ ಬಿಸಿಲೂ ಎಣ್ಣೆಗೆ ತಂಪೇ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಹಳೆಯ ಚಟಾಕಿ ಕಾರಿನ ಬಾನೆಟ್ ಒಳಗೂ ಇಳಿದಿದೆ. ಏಪ್ರಿಲ್ ಬಂದು ಬಿಸಿಲು 40 ಡಿಗ್ರಿ ದಾಟಿತೆಂದರೆ ಕೌಲ್ ಬಜಾರಿನಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಲ್ಲಾಗಲಿ ಬಹಳ ಜನ ನೆಚ್ಚುವ ಮಾತು ಒಂದೇ: ಈ ಬಿಸಿಲಿಗೆ ತೆಳು ಎಣ್ಣೆ ನೀರಾಗಿಬಿಡುತ್ತದೆ, ಮಂದ ಎಣ್ಣೆಯೇ ಬೇಕು, ಟರ್ಬೊ ಗಾಡಿಯಾದರಂತೂ ಇನ್ನಷ್ಟು ಮಂದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎಂಜಿನ್ನಿನೊಳಗಿನ ಎಣ್ಣೆಗೆ ನಮ್ಮೂರ ಬಿಸಿಲು ಬಿಸಿಲೇ ಅಲ್ಲ. ಕೂಲಂಟ್ ಅನ್ನು ಥರ್ಮೋಸ್ಟಾಟ್ 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಎಣ್ಣೆ 100 ಡಿಗ್ರಿಯ ಸುತ್ತ ಇರುತ್ತದೆ, ಹೆದ್ದಾರಿಯಲ್ಲಿ ಎಳೆದರೆ ಇನ್ನೂ ಮೇಲೆ. ಟರ್ಬೊ ಮೈಗೆ ತಾಗುವ ಹೊಗೆ ಪೆಟ್ರೋಲ್ ಕಾರಿನಲ್ಲಿ 900 ಡಿಗ್ರಿ ಮೀರಬಲ್ಲದು. ಇಂಥ ಕುಲುಮೆಯ ಪಕ್ಕದಲ್ಲಿ ದುಡಿಯುವ ಎಣ್ಣೆಗೆ ಹೊರಗೆ 30 ಇದೆಯೋ 42 ಇದೆಯೋ ಎಂಬುದು ಸಣ್ಣ ಲೆಕ್ಕ.

ಎಣ್ಣೆಗೆ ನಿಜವಾದ ಕಷ್ಟ ಇರುವುದು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ. ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬುದರಲ್ಲಿ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ತೂಕ ಎಂದುಕೊಂಡವರೂ ಇದ್ದಾರೆ. 5ಡಬ್ಲ್ಯು ದರ್ಜೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 20ಡಬ್ಲ್ಯು ಆದರೆ 15 ಡಿಗ್ರಿ ಕೆಳಗೆ. ಕೊನೆಯ ಅಂಕಿ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಮಂದ ಎಂಬುದನ್ನು ಹೇಳುತ್ತದೆ: 30ಕ್ಕೆ 9.3ರಿಂದ 12.5 ಸೆಂಟಿಸ್ಟೋಕ್, 50ಕ್ಕೆ 16.3ರಿಂದ 21.9. ಬಳ್ಳಾರಿಗೆ ಎಲ್ಲಿಯ ಮೈನಸ್ 30, ಮೊದಲ ಅಂಕಿ ನಮಗೇಕೆ ಎಂದು ಕೇಳಬಹುದು. ಎಣ್ಣೆಯ ಕಣ್ಣಲ್ಲಿ ನೋಡಿದರೆ ಉತ್ತರ ಸಿಗುತ್ತದೆ. ಬೇಸಿಗೆಯ ನಸುಕಿನ 30 ಡಿಗ್ರಿಯಲ್ಲೂ 5ಡಬ್ಲ್ಯು-30 ಎಣ್ಣೆ ತನ್ನ ಕೆಲಸದ ಬಿಸಿಯಲ್ಲಿ ಇರುವುದಕ್ಕಿಂತ ಸುಮಾರು ಹತ್ತು ಪಟ್ಟು ಮಂದವಾಗಿರುತ್ತದೆ. ಅದೇ ಹೊತ್ತಿನಲ್ಲಿ 20ಡಬ್ಲ್ಯು-50 ಅದಕ್ಕಿಂತಲೂ ಎರಡು ಪಟ್ಟಿಗೂ ಹೆಚ್ಚು ಮಂದ. ಅಂದರೆ ನಮ್ಮ ಕಡು ಬೇಸಿಗೆಯ ಬೆಳಗೂ ಎಣ್ಣೆಗೆ ಚಳಿಯೇ. ಇತ್ತ ಟರ್ಬೊದ ಕಡ್ಡಿಯಂಥ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಕೂದಲೆಳೆಗಿಂತ ಕಿರಿದಾದ ಸಂದಿನಲ್ಲಿ ಎಣ್ಣೆಯ ಪೊರೆಯ ಮೇಲೆ ತೇಲುತ್ತಾ. ಅಲ್ಲಿಗೆ ಎಣ್ಣೆ ಬೇಗ ಹೋಗಿ ಮುಟ್ಟಬೇಕು, ಬಿಸಿಯನ್ನು ಹೊತ್ತು ಬೇಗ ವಾಪಸಾಗಬೇಕು. ಅದು ಬರಿಯ ಕೀಲೆಣ್ಣೆ ಅಲ್ಲ, ಟರ್ಬೊ ಬೇರಿಂಗನ್ನು ತಣಿಸುವುದೂ ಅದೇ. ಮಂದ ಎಣ್ಣೆ ಈ ಎರಡೂ ಕೆಲಸಕ್ಕೆ ನಿಧಾನ.

ಹಾಗಾದರೆ ಕಾದ ಮೇಲೆ ತೆಳು ಎಣ್ಣೆಯ ಪೊರೆ ಹರಿಯದೆ? ಪ್ರಶ್ನೆ ಸರಿಯೇ, ಉತ್ತರ ಮಾತ್ರ ಬೆರಳಿಗೆ ಹಚ್ಚಿ ತಿಕ್ಕಿ ನೋಡಿದರೆ ಸಿಗುವುದಿಲ್ಲ. ಬೆರಳಿನ ಬಿಸಿ 37 ಡಿಗ್ರಿ ಕೂಡ ಇಲ್ಲ. ಪೊರೆಯ ಗಟ್ಟಿತನವನ್ನು 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನಂತೆ ರಭಸವಾಗಿ ಹಿಂಡುತ್ತಾ ಅಳೆಯುತ್ತಾರೆ. ಆ ಪರೀಕ್ಷೆಯಲ್ಲಿ 30 ದರ್ಜೆಯ ಎಣ್ಣೆಗೆ ಕನಿಷ್ಠ 2.9 ಅಂಕ ಬೇಕು. ಆದರೆ ಯುರೋಪಿನ ವಾಹನ ತಯಾರಕರ ಸಂಘ ಎಸಿಇಎ ರೂಪಿಸಿದ ಸಿ3 ಮಾನದಂಡಕ್ಕೆ ಒಳಪಟ್ಟ 5ಡಬ್ಲ್ಯು-30 ಎಣ್ಣೆ 3.5 ದಾಟಲೇಬೇಕು. ಅದು 40 ದರ್ಜೆಯ 5ಡಬ್ಲ್ಯು ಎಣ್ಣೆಗೆ ಇರುವ ಕನಿಷ್ಠವೇ. ಮುಂಭಾಗದಲ್ಲಿ ದಪ್ಪಗೆ ಅಚ್ಚಾದ ಅಂಕಿ ಒಂದೇ ಇದ್ದರೂ ಡಬ್ಬಿಯ ಹಿಂದಿನ ಸಣ್ಣಕ್ಷರದಲ್ಲಿ ಎರಡು ಬೇರೆ ಎಣ್ಣೆಗಳಿರುತ್ತವೆ. ನಮ್ಮ ಜನ ಓದುವುದು ಮುಂಭಾಗ, ಓದಬೇಕಾದ್ದು ಹಿಂಭಾಗ.

ಇದಕ್ಕೆ ಈ ಸೀಮೆಯಲ್ಲೇ ಹುಟ್ಟುವ ಬಲವಾದ ತಕರಾರು ಒಂದಿದೆ. ಸಂಡೂರಿನ ಅದಿರು ಹೊತ್ತ ಲಾರಿಗಳಿಗೂ ಟರ್ಬೊ ಇದೆ, ಅವು 15ಡಬ್ಲ್ಯು-40 ಹಾಕಿಕೊಂಡೇ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಲ್ಲವೆ? ಓಡಿವೆ. ಆ ಎಂಜಿನ್ ದೊಡ್ಡದು, ನಿಧಾನಕ್ಕೆ ತಿರುಗುವಂಥದ್ದು, ಅದರ ಪಂಪು, ಸಂದು, ಕೊಳವೆಗಳೆಲ್ಲ ಆ ಎಣ್ಣೆಯನ್ನೇ ಲೆಕ್ಕಕ್ಕಿಟ್ಟು ಮಾಡಿದವು. ಅದೇ ಎಣ್ಣೆಯನ್ನು ಈಗಿನ ಡೀಸೆಲ್ ಕಾರಿಗೆ ಸುರಿದರೆ ತೊಂದರೆ ಬರುವುದು ಮಂದತನಕ್ಕಿಂತ ಬೂದಿಯಿಂದ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ನಂತರ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಸುಟ್ಟುಕೊಳ್ಳಬಲ್ಲದು. ಎಣ್ಣೆಯ ಲೋಹದಂಶ ಉರಿದು ಉಳಿಯುವ ಬೂದಿಯನ್ನು ಸುಡಲಾರದು, ಅದು ಅಲ್ಲೇ ಕೂರುತ್ತದೆ. ಸಿ3 ಎಣ್ಣೆಯಲ್ಲಿ ಬೂದಿ ಶೇ. 0.8 ದಾಟುವಂತಿಲ್ಲ, ಹಳೆಯ ದರ್ಜೆಯ ಲಾರಿ ಎಣ್ಣೆಗಳಲ್ಲಿ ಅದು ಸಾಮಾನ್ಯವಾಗಿ 1ನ್ನು ಮೀರುತ್ತದೆ. ಪೆಟ್ರೋಲ್ ಟರ್ಬೊಗಳ ಕಥೆಯೇ ಬೇರೆ. 2019ರಲ್ಲಿ ಬಂದ ಹುಂಡೈ ವೆನ್ಯೂವಿನ 1 ಲೀಟರ್ ಟರ್ಬೊದಂತೆ ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನುಗಳಲ್ಲಿ, ಕಡಿಮೆ ವೇಗದಲ್ಲಿ ಜೋರಾಗಿ ತುಳಿದಾಗ ಕಿಡಿಗೆ ಮೊದಲೇ ಬೆಂಕಿ ಹೊತ್ತಿ ಪಿಸ್ಟನ್ ಒಡೆಯುವ ಅಪಾಯವಿದೆ. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಅದಕ್ಕೆ ಕುಮ್ಮಕ್ಕು ಕೊಡುತ್ತದೆಂದು ಗೊತ್ತಾದ ಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆ ತಂದಿತು. ಎಷ್ಟೇ ಮಂದವಾಗಿದ್ದರೂ ಹಳೆಯ ದರ್ಜೆಯ ಎಣ್ಣೆ ಇದನ್ನು ತಡೆಯುವ ಪರೀಕ್ಷೆ ಪಾಸಾದದ್ದಲ್ಲ.

ಮಂದ ಎಣ್ಣೆಗೆ ಜಾಗವೇ ಇಲ್ಲವೆಂದಲ್ಲ. ಸವೆದು ಎಣ್ಣೆ ಕುಡಿಯುವ ಹಳೆಯ ಎಂಜಿನ್‌ಗೆ, ಕಾರಿನ ಕೈಪಿಡಿಯ ಕೋಷ್ಟಕ ಒಪ್ಪಿದರೆ, ಒಂದು ಮೆಟ್ಟಿಲು ಮೇಲಿನ ದರ್ಜೆ ಹಾಕಬಹುದು. ಟರ್ಬೊ ಇಲ್ಲದ ಅಂಬಾಸಿಡರ್ ಕಾಲದಿಂದ ಬಂದ ಮೇಸ್ತ್ರಿಗಳ ಸಲಹೆ ಅವರು ಕೈಯಾಡಿಸಿದ ಎಂಜಿನ್‌ಗಳ ಮಟ್ಟಿಗೆ ಸರಿಯೇ ಇತ್ತು.

ಬಳ್ಳಾರಿಯನ್ನು ನಿಜಕ್ಕೂ ಲೆಕ್ಕಕ್ಕೆ ಹಿಡಿಯಬೇಕಾದ್ದು ಬಿಸಿಲಿಗಲ್ಲ, ಧೂಳಿಗೆ. ಹೊಸಪೇಟೆ, ತೋರಣಗಲ್ಲು ಕಡೆಯ ರಸ್ತೆಯ ಕೆಂಪು ಅದಿರು ಧೂಳು ಹರಿದ ಏರ್ ಫಿಲ್ಟರಿನಿಂದಲೋ ಸಡಿಲ ಕ್ಲಿಪ್ಪಿನ ಹೋಸ್‌ನಿಂದಲೋ ಒಳಹೊಕ್ಕರೆ ಮೊದಲು ಉಜ್ಜುವುದು ಟರ್ಬೊದ ಗಾಳಿಚಕ್ರದ ಅಲಗುಗಳನ್ನು, ಆಮೇಲೆ ಸಿಲಿಂಡರನ್ನು, ಕೊನೆಗೆ ಎಣ್ಣೆಯಲ್ಲಿ ಸೇರಿ ಬೇರಿಂಗನ್ನು. ಸಿಂಥೆಟಿಕ್ ಎಣ್ಣೆ ಎಷ್ಟು ದಿನ ಬಿಟ್ಟರೂ ನಡೆಯುತ್ತದೆ ಎಂಬ ನಂಬಿಕೆ ಇಲ್ಲಿ ದುಬಾರಿ, ಧೂಳಿನ ಊರಿಗೆ ಹೆಚ್ಚಿನ ಕೈಪಿಡಿಗಳು ಕಡಿಮೆ ಅವಧಿಯನ್ನೇ ಹೇಳುತ್ತವೆ. ಕಾರು ನಿಲ್ಲಿಸಿದ ಮೇಲೆ ಟರ್ಬೊ ತಣಿಯಲು ಐದು ನಿಮಿಷ ಐಡ್ಲಿಂಗ್ ಬೇಕೆಂಬುದೂ ಪೂರ್ತಿ ನಿಜವಲ್ಲ. 50 ಕಿ.ಮೀ.ಗೂ ಆಚೆಯ ಸಿರುಗುಪ್ಪದಿಂದ ಓಡಿಸಿಕೊಂಡು ಬಂದವರ ಟರ್ಬೊ ಕೌಲ್ ಬಜಾರಿನ ಸಂದಣಿಯಲ್ಲಿ ತೆವಳುವಾಗಲೇ ತಣಿದಿರುತ್ತದೆ. ಹೆದ್ದಾರಿಯಿಂದ ಸರ್ರನೆ ಡಾಬಾ ಮುಂದೆ ತಂದು ಕೀ ತಿರುಗಿಸುವವರು ಒಂದು ನಿಮಿಷ ಕಾದರಾಯಿತು.

ಉಳಿದದ್ದು ಡಿಪ್ ಸ್ಟಿಕ್. ಡೀಸೆಲ್ ಕಾರಿನಲ್ಲಿ ಎಣ್ಣೆ ಬೇಗ ಕಪ್ಪಾದರೆ ಕೆಟ್ಟಿತೆಂದಲ್ಲ, ಮಸಿಯನ್ನು ತನ್ನಲ್ಲಿ ಎಳೆದುಕೊಂಡು ಕೆಲಸ ಮಾಡುತ್ತಿದೆ ಎಂದರ್ಥ. ಅಂಜಬೇಕಾದ್ದು ಬೇರೆ ಗುರುತಿಗೆ. ದಿನವೂ ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಬಿಎಸ್6 ಫಿಲ್ಟರ್ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಣ್ಣೆಗೆ ಸೇರುತ್ತದೆ. ಎಣ್ಣೆ ಮೇಲಿನ ಗೆರೆ ದಾಟಿ ಏರಿದ್ದು, ಕಡ್ಡಿಯನ್ನು ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬಂದರೆ, ಡಬ್ಬಿಯಲ್ಲಿ 30 ಇದ್ದರೂ 50 ಇದ್ದರೂ ಎಂಜಿನ್ನಿನಲ್ಲಿ ಈಗ ಇರುವುದು ಅದಲ್ಲ.