ಸೇವಾವಧಿಯಷ್ಟೇ ಸಾಲದು, ಬಡ್ತಿಗೆ ಪಿಎಚ್.ಡಿ ಬೇಕು
ನಂಜನಗೂಡು: ನಂಜನಗೂಡು ಹಾಗೂ ತಿ.ನರಸೀಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕರಿಗೆ ಸೇವಾ ವರ್ಷಗಳಷ್ಟರಿಂದಲೇ ಬಡ್ತಿ ಲಭಿಸದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ನಿಯಮಾವಳಿ ಇದರ ಮೆಟ್ಟಿಲುಗಳನ್ನು ನಿಗದಿಪಡಿಸಿದೆ.

ನೇಮಕಗೊಂಡವರು 10ನೇ ಹಂತದಲ್ಲಿ ಸೇವೆ ಆರಂಭಿಸುತ್ತಾರೆ. 11ನೇ ಹಂತಕ್ಕೇರಲು ಪಿಎಚ್.ಡಿ ಪಡೆದವರಿಗೆ 4, ಎಂ.ಫಿಲ್ ಪಡೆದವರಿಗೆ 5, ಸ್ನಾತಕೋತ್ತರ ಪದವಿ ಮಾತ್ರ ಉಳ್ಳವರಿಗೆ 6 ವರ್ಷಗಳ ಸೇವೆ ಅಗತ್ಯ. ಓರಿಯೆಂಟೇಶನ್, ಪುನಶ್ಚೇತನ ಶಿಬಿರಗಳಂತಹ ತರಬೇತಿಯೂ ಆಗಿರಬೇಕು. ಮೈಸೂರು ವಿಶ್ವವಿದ್ಯಾಲಯದ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರ ಇಂತಹ ಶಿಬಿರಗಳನ್ನು ನಡೆಸುತ್ತದೆ. ಮತ್ತೆ 5 ವರ್ಷಗಳ ಸೇವೆಯ ಬಳಿಕ 12ನೇ ಹಂತ.

ತೊಡಕು ಎದುರಾಗುವುದು ಆನಂತರ. 3 ವರ್ಷಗಳ ಬಳಿಕ ದೊರೆಯುವ ಸಹ ಪ್ರಾಧ್ಯಾಪಕ ಹುದ್ದೆಗೆ (13ಎ ಹಂತ) ಪಿಎಚ್.ಡಿ ಕಡ್ಡಾಯ. 7ನೇ ವೇತನ ಶ್ರೇಣಿಯಲ್ಲಿ 12ನೇ ಹಂತದ ಆರಂಭಿಕ ಮೂಲ ವೇತನ ರೂ. 79,800, 13ಎ ಹಂತದ್ದು ರೂ. 1,31,400. ಪಿಎಚ್.ಡಿ ಇಲ್ಲದವರು ಈ ಅಂತರವನ್ನು ದಾಟಲಾರರು.

ಗೌರವಧನಕ್ಕೆ ದುಡಿಯುವ ಅತಿಥಿ ಉಪನ್ಯಾಸಕರಿಗಂತೂ ಈ ಮೆಟ್ಟಿಲೇ ಇಲ್ಲ. ತಾತ್ಕಾಲಿಕ ಸೇವೆಯನ್ನು ಬಡ್ತಿಗೆ ಪರಿಗಣಿಸಬೇಕಾದರೆ ಆ ಅವಧಿಯ ಸಂಭಾವನೆ ಕಾಯಂ ಅಧ್ಯಾಪಕರ ಮಾಸಿಕ ವೇತನಕ್ಕಿಂತ ಕಡಿಮೆ ಇರಬಾರದು ಎಂಬುದು ನಿಯಮ. ಹೀಗಾಗಿ ವರ್ಷಗಟ್ಟಲೆ ಪಾಠ ಹೇಳಿದವರೂ ಕಾಯಂ ನೇಮಕವಾದಾಗ ಮೊದಲ ಮೆಟ್ಟಿಲಿನಿಂದಲೇ ಆರಂಭಿಸಬೇಕಾಗುತ್ತದೆ.